ಕಲ್ಲುಸಕ್ಕರೆ ಕರಗುವ ತನಕ

ನಮ್ಮ ಸೊಸೈಟಿಯ ಗೇಟಿನಲ್ಲಿ ಈಗ ನಿಲ್ಲುವ ಕಾವಲುಗಾರನಲ್ಲಿ ಎಷ್ಟು ಹುಡುಕಿದರೂ ಒಂದು ಕುಂದು ಸಿಗುವುದಿಲ್ಲ. ಅವನ ಮೇಲೆ ನನಗಿರುವ ದೂರು ಅದೇ. ಇಸ್ತ್ರಿ ಮಾಡಿದ ಸಮವಸ್ತ್ರ, ಹೊಳೆಯುವ ಬೂಟು, ಎದೆಯ ಮೇಲೆ ಸರಕಾರಿ ಬಿಲ್ಲೆ. ಮೊನ್ನೆ ಭಾನುವಾರ ಹಳೆಯ ಬನಿಯನ್ನಿನಲ್ಲೇ ಕೊತ್ತಂಬರಿ ತರಲು ಹೋದವನು ತಿರುಗಿ ಬಂದಾಗ ಕೈ ಅಡ್ಡ ಹಿಡಿದು, "ಕಿಸ್ ಕೇ ಘರ್ ಜಾನಾ ಹೈ?" ಎಂದು ಕೇಳಿದ. ನನ್ನ ಮನೆಗೇ ಎಂದೆ. ನಂಬಲಿಲ್ಲ. ಮೇಲಿನಿಂದ ನನ್ನ ಹೆಂಡತಿ ಇಣುಕಿ ನೋಡಿ, ಸ್ವಲ್ಪ ಯೋಚಿಸಿ, ಹೌದು, ಇವರು ನಮ್ಮವರೇ ಎಂದು ಒಪ್ಪಿಕೊಂಡ ಮೇಲೆಯೇ ಒಳಗೆ ಬಿಟ್ಟ. ಲಿಫ್ಟಿನಲ್ಲಿ ಕೊತ್ತಂಬರಿ ಕಟ್ಟು ಹಿಡಿದು ನಿಂತಾಗ ನನಗೆ ಹಿಂದಿನವನ ನೆನಪಾಯಿತು.

ಹಿಂದಿನವನು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವನು. ನವಿ ಮುಂಬೈಯಲ್ಲಿ ನಮ್ಮ ಕೋಪರಖೈರಣೆಯ ಗೇಟಿನಲ್ಲಿ ಅವನು ವರ್ಷಗಟ್ಟಲೆ ಇದ್ದ. ಅಷ್ಟೂ ಕಾಲದಲ್ಲಿ ಯಾರನ್ನಾದರೂ ತಡೆದ ಎಂಬ ಆಪಾದನೆ ಅವನ ಮೇಲೆ ಬರಲಿಲ್ಲ. ನಲವತ್ತರ ಆಸುಪಾಸಿನ ವಯಸ್ಸು, ದಪ್ಪ ಮೀಸೆ, ಸೊಸೈಟಿ ಕೊಡಿಸಿದ ಖಾಕಿ ಅಂಗಿಯ ಮೇಲೆ ಊರಿನಿಂದ ತಂದ ಟವೆಲು. ಕೊರಳಲ್ಲಿ ಒಂದು ಸೀಟಿ ಇತ್ತು. ಅದನ್ನು ಊದಿದ್ದನ್ನು ನಾನು ಕೇಳಿಲ್ಲ. ಯಾಕೆ ಊದುವುದಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ಮಂದಿ ಹೆದರತಾರ್ರಿ ಸಾಹೇಬ್ರ," ಎಂದ. ಕಳ್ಳರನ್ನೂ ಸೇರಿಸಿ ಹೇಳಿದನೋ ಏನೋ.

ಅವನ ಕಾವಲು ಎಂದರೆ ಮಾತು. ಯಾರೇ ಬರಲಿ, ಕುರ್ಚಿಯಿಂದ ಎದ್ದು ನಿಂತು, "ಬರ್ರಿ ಬರ್ರಿ, ಯಾರ ಮನೀಗೆ? ಯಾ ಊರಾತು? ಊಟಾ ಆತೇನ್ರಿ?" ಎಂದು ಶುರು ಮಾಡುವನು. ಕನ್ನಡ ಬಾರದವರಿಗೆ ಇದನ್ನೇ ಅವನ ಮುಂಬೈ ಹಿಂದಿಯಲ್ಲಿ ಕೇಳುವನು. ನೀರು ಶುದ್ಧ ಮಾಡುವ ಯಂತ್ರ ಮಾರಲು ಬಂದಿದ್ದ ಒಬ್ಬ ಮಧ್ಯಾಹ್ನವೆಲ್ಲ ಗೇಟಿನಲ್ಲೇ ಕೂತು ತನ್ನ ತಂಗಿಯ ಮದುವೆಯ ಕಷ್ಟ ಹೇಳಿಕೊಂಡು, ಮನಸ್ಸು ಹಗುರ ಮಾಡಿಕೊಂಡು, ಯಂತ್ರ ಮಾರುವುದನ್ನು ಮರೆತು ಹೋಗಿದ್ದ.

ಇನ್ನೊಮ್ಮೆ ಏಣಿ ಹೊತ್ತ ಒಬ್ಬ ಬಂದು, ಕೇಬಲ್ ಕಂಪನಿಯವನು, ಮೇಲಿನ ಗಚ್ಚಿಗೆ ಹೋಗಬೇಕು ಎಂದ. ಕನ್ನಡದವನೇ, ಕಲಬುರಗಿ ಕಡೆಯವನು. ನಮ್ಮವನಿಗೆ ಹಬ್ಬ. ಕಲಬುರಗಿಯಲ್ಲಿ ಯಾವ ತಾಲೂಕು, ತಾಲೂಕಿನಲ್ಲಿ ಯಾವ ಹಳ್ಳಿ, ಹಳ್ಳಿಯಲ್ಲಿ ಯಾರ ಪೈಕಿ ಎಂದು ವಿಚಾರಿಸುತ್ತ ಹೋದ. ಹೋಗಿ ಹೋಗಿ ತನ್ನ ಹೆಂಡತಿಯ ಅಕ್ಕನನ್ನು ಅದೇ ಹಳ್ಳಿಗೆ ಕೊಟ್ಟಿರುವುದು ಹೊರಬಿತ್ತು. "ತಡೀರಿ, ಈಗ ಫೋನ್ ಹಚ್ಚತೀನಿ, ಮಾತಾಡ್ರಿ," ಎಂದು ಇವನು ಮೊಬೈಲು ತೆಗೆಯುವಷ್ಟರಲ್ಲಿ ಆ ಮನುಷ್ಯ ಏಣಿಯನ್ನು ಅಲ್ಲೇ ಬಿಟ್ಟು ಓಡಿದ್ದ. ಯಾವ ಕೇಬಲ್ ಕಂಪನಿಯೂ ಏಣಿ ಕೇಳಿಕೊಂಡು ಬರಲಿಲ್ಲ. ಅದು ಈಗಲೂ ನಮ್ಮ ಪಂಪ್ ರೂಮಿನಲ್ಲಿದೆ, ಬಲ್ಬು ಬದಲಿಸಲು ಉಪಯೋಗಕ್ಕೆ ಬರುತ್ತದೆ. ಕಳ್ಳ ತಪ್ಪಿಸಿಕೊಂಡ ಎಂದು ನಾವೆಲ್ಲ ಬೈದರೆ ಇವನಿಗೆ ಬೇರೆಯೇ ಬೇಸರ. "ಬೀಗರಾಗತಿದ್ರು ನೋಡ್ರಿ. ಚಾನೂ ಕುಡೀಲಿಲ್ಲ," ಎಂದು ಎರಡು ದಿನ ಹಲುಬಿದ.

ಅವನಿಂದ ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ನಮ್ಮ ಅವ್ವನಿಗೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಬಾಗಲಕೋಟೆ ಕಡೆಯಿಂದ ಬಂದು ನಮ್ಮ ಜೊತೆ ಇದ್ದಾಳೆ. ನಾನೂ ಹೆಂಡತಿಯೂ ಬೆಳಿಗ್ಗೆ ಲೋಕಲ್ ಹಿಡಿದು ಆಫೀಸಿಗೆ ಹೋಗುವವರು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಉಂಡೇನವಾ?" ಎಂದು ಅವ್ವ ಕೇಳಿದರೆ "ಹಾಂ ದಾದೀ, ಖಾ ಲಿಯಾ," ಎಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಹೀಗಾಗಿ ಅವ್ವ ಮಧ್ಯಾಹ್ನವಾಗುತ್ತಲೇ ಮೆಂತ್ಯದ ಕಟ್ಟು ಹಿಡಿದು ಕೆಳಗಿಳಿಯುತ್ತಿದ್ದಳು. ಅವನು ಕುರ್ಚಿ ಬಿಟ್ಟುಕೊಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದ. ಅವನಿಗೆ ಅವಳು "ಅವ್ವಾರು", ಅವಳಿಗೆ ಅವನು "ತಮ್ಮ". ಇಬ್ಬರೂ ಸೊಪ್ಪು ಬಿಡಿಸುತ್ತ ಜೋಳ, ಎಮ್ಮೆ, ಸೊಸೆಯಂದಿರು ಎಂದು ಮಾತಾಡುತ್ತಿದ್ದರು. ನನ್ನ ಹೆಂಡತಿಯ ವಿಷಯವೂ ಬರುತ್ತಿತ್ತೆಂದು ಕಾಣುತ್ತದೆ. ಅವಳು ಸಂಜೆ ಬಂದಾಗ ಅವನು ಒಂದು ನಮೂನೆಯ ಕನಿಕರದಿಂದ ನಗುತ್ತಿದ್ದ.

ಕಾಯ್ದೆ ನಮ್ಮ ಗೇಟಿಗೆ ಬಂದದ್ದು ಇಂಥ ಒಂದು ಮಧ್ಯಾಹ್ನವೇ. ಅಂದು ರಜೆ, ನಾನು ಬಾಲ್ಕನಿಯಲ್ಲಿದ್ದೆ. ಕೈಯಲ್ಲಿ ಫೈಲು ಹಿಡಿದ ಒಬ್ಬ ಸಾಹೇಬರು ಬಂದು ನಿಂತರು. ಕಾವಲುಗಾರರ ನೋಂದಣಿ ತಪಾಸಣೆ ಮಾಡುವ ಇನ್ಸ್‌ಪೆಕ್ಟರು ಅವರು ಎಂದು ಆಮೇಲೆ ತಿಳಿಯಿತು. ಕಣ್ಣೆದುರಿಗೆ ಕುರ್ಚಿಯಲ್ಲಿ ಒಬ್ಬ ಮುದುಕಿ, ಮೆಟ್ಟಿಲ ಮೇಲೆ ತೊಡೆತುಂಬ ಮೆಂತ್ಯ ಹರಡಿಕೊಂಡ ಒಬ್ಬ ಮೀಸೆಯವನು. ಸಾಹೇಬರು ಸುತ್ತ ನೋಡಿ, "ವಾಚ್‌ಮನ್ ಕಹಾಂ ಹೈ?" ಎಂದರು.

"ಮೈಚ್ ಹೂಂ ಸಾಬ್," ಎಂದ ಇವನು, ತೊಡೆಯ ಸೊಪ್ಪು ಚೆಲ್ಲದ ಹಾಗೆ ಅರ್ಧ ಎದ್ದು. "ಆವ್, ಬೈಠೋ. ಖಾನಾ ಹುವಾ?"

ಸಾಹೇಬರು ಕೂರಲಿಲ್ಲ. ಸೆಕ್ರೆಟರಿಯನ್ನು ಕರೆಸಿ ವಿಷಯ ಹೇಳಿದರು. ಇವನನ್ನು ನಮಗೆ ಕೊಟ್ಟಿದ್ದು ಒಂದು ಏಜೆನ್ಸಿ. ಏಜೆನ್ಸಿ ಎಂದರೆ ಸ್ಟೇಷನ್ನಿನ ಹತ್ತಿರ ಒಂದು ಟೇಬಲು, ಟೇಬಲಿನ ಹಿಂದೆ ಒಬ್ಬ ಮನುಷ್ಯ. ಮನುಷ್ಯ ಹೆಚ್ಚಾಗಿ ಇರುತ್ತಿರಲಿಲ್ಲ, ಟೇಬಲು ಇರುತ್ತಿತ್ತು. ಅದಕ್ಕೆ ಸರಕಾರದ ಪರವಾನಗಿ ಇಲ್ಲ. ಇನ್ನು ಮುಂದೆ ಕಾವಲಿಗೆ ಸರಕಾರದ ಮಂಡಳಿಯಲ್ಲಿ ನೋಂದಾಯಿಸಿದ ಮನುಷ್ಯನೇ ಬೇಕು, ಇಲ್ಲದಿದ್ದರೆ ನೋಟೀಸು. ಇಷ್ಟು ಹೇಳಿ ಸಾಹೇಬರು ಹೊರಟಾಗ ಇವನು ಅವರ ಹಿಂದೆಯೇ ಹೋಗಿ ರಿಕ್ಷಾ ನಿಲ್ಲಿಸಿಕೊಟ್ಟ.

ಅವ್ವನಿಗೆ ಕಾಯ್ದೆ ಗೀಯ್ದೆ ಏನೂ ಬೇಕಿರಲಿಲ್ಲ. ಅವನು ಗೇಟಿನಲ್ಲಿ ಉಳಿಯಬೇಕಿತ್ತು. "ಅಂವ ಹ್ವಾದ್ರ ನಾ ಯಾರ ಕೂಡ ಮಾತಾಡ್ಲಿ? ಲಿಫ್ಟಿನ ಕೂಡ?" ಎಂದು ರಾತ್ರಿ ಊಟಕ್ಕೆ ಕೂತಾಗ ನನ್ನನ್ನೇ ಕೇಳಿದಳು. ಮರುದಿನ ಸೆಕ್ರೆಟರಿಯೇ ಉಪಾಯ ಕಂಡುಹಿಡಿದರು. ಅವರು ಉಡುಪಿ ಕಡೆಯವರು, ಹಿಂದೆ ಹೋಟೆಲು ನಡೆಸಿದವರು, ಯಾವ ಸಮಸ್ಯೆಯನ್ನೂ ಆರ್ಡರ್ ತೆಗೆದುಕೊಂಡ ಹಾಗೆ ತೆಗೆದುಕೊಳ್ಳುವವರು. "ಇದರಲ್ಲಿ ಎಂತ ಉಂಟು ಮಾರಾಯ್ರೇ? ಅವನನ್ನೇ ಮಂಡಳಿಯಲ್ಲಿ ರಿಜಿಸ್ಟರ್ ಮಾಡಿಸುವ. ಸ್ಕೂಟರ್ ರಿಜಿಸ್ಟರ್ ಮಾಡಿಸಿ ಮನೆಗೆ ತರುವುದಿಲ್ಲವಾ, ಹಾಗೇ," ಎಂದರು. ನಮಗೆಲ್ಲ ಅದು ಬಹಳ ಸರಿ ಎನಿಸಿತು.

ಎಂಟನೆಯ ಇಯತ್ತೆಯ ದಾಖಲೆ ಊರಿನಿಂದ ಬಂತು. ಪೊಲೀಸ್ ವಿಚಾರಣೆಗೆ ಬಂದ ಹವಾಲ್ದಾರನನ್ನು ಇವನು ಕುರ್ಚಿಯಲ್ಲಿ ಕೂರಿಸಿ ಚಹಾ ತರಿಸಿದ. ಹವಾಲ್ದಾರ ಹೋದ ಮೇಲೆ ನೋಡಿದರೆ, ಆತನ ಊರು, ಮಕ್ಕಳ ಓದು, ಮೊಣಕಾಲಿನ ನೋವು, ಎಲ್ಲವೂ ಇವನಿಗೆ ಗೊತ್ತಾಗಿತ್ತು. ಇವನ ಬಗ್ಗೆ ಹವಾಲ್ದಾರನಿಗೆ ಎಷ್ಟು ಗೊತ್ತಾಯಿತೋ, ಮನುಷ್ಯ ಒಳ್ಳೆಯವನು ಎಂದು ವರದಿ ಹೋಯಿತು.

ಉಳಿದದ್ದು ಮೈಕಟ್ಟಿನ ಪರೀಕ್ಷೆ. ಎತ್ತರಕ್ಕೆ ಚಿಂತೆ ಇರಲಿಲ್ಲ. ಎದೆಯದೇ ಪೇಚು. ಉಸಿರು ಎಳೆದುಕೊಂಡಾಗ ಅದು ನಿಯಮ ಹೇಳಿದಷ್ಟು ಹಿಗ್ಗಬೇಕು, ಅಳೆಯುವವರು ಟೇಪು ಓದುವ ತನಕ ಹಿಗ್ಗಿಯೇ ಇರಬೇಕು. ಸೆಕ್ರೆಟರಿ ತಮ್ಮ ಹೆಂಡತಿಯ ಹೊಲಿಗೆ ಟೇಪು ತಂದು ಪಾರ್ಕಿಂಗಿನಲ್ಲಿ ಸಂಜೆಯ ತಾಲೀಮು ಶುರು ಮಾಡಿದರು. ಅವ್ವ ಕುರ್ಚಿ ತರಿಸಿಕೊಂಡು ಎದುರಿಗೆ ಕೂತಳು.

"ಉಸಿರು ಎಳೆ. ಹಾಂ, ಹಾಗೆ. ಹಿಡಿದುಕೊ. ಬಿಡಬೇಡ ಮಾರಾಯ, ಬಿಡಬೇಡ."

ಅವನ ಎದೆ ಉಬ್ಬಿತು. ಖಾಕಿ ಅಂಗಿಯ ಗುಂಡಿಗಳು ಹೆದರಿದವು. ಸೆಕ್ರೆಟರಿ ಟೇಪು ಬಿಗಿದು, ಕನ್ನಡಕ ಮೂಗಿಗೆ ಇಳಿಸಿ ಬಗ್ಗಿದರು.

"ಎಷ್ಟಾತ್ರೀ?" ಎಂದ ಅವನು. ಉಸಿರೆಲ್ಲ ಹೊರಗೆ ಹೋಯಿತು.

"ನೀನು ಕೇಳದಿದ್ದರೆ ಆಗ್ತಿತ್ತಲ್ಲ ಮಾರಾಯ!"

ಮತ್ತೆ ಉಬ್ಬಿಸಿದ. ಅಷ್ಟರಲ್ಲಿ ಹಾಲಿನವನು ಬಂದ. "ಬರ್ರಿ, ಯಾಕ ಇವತ್ತ ತಡಾ ಆತು?" ಎದೆ ಮತ್ತೆ ಮನೆಗೆ ಹೋಯಿತು. ಮೂರನೆಯ ಸಲ ಯಾರೂ ಬರಲಿಲ್ಲ, ಸೆಕ್ರೆಟರಿಯೂ ಸುಮ್ಮನಿದ್ದರು. ಆ ಸುಮ್ಮನಿರುವುದನ್ನೇ ಅವನಿಗೆ ತಡೆಯಲಾಗಲಿಲ್ಲ. "ಯಾಕ್ರಿ, ಯಾರೂ ಮಾತಾಡವಲ್ರಿ?" ಎಂದ. ಸೆಕ್ರೆಟರಿ ಟೇಪನ್ನು ಅವನ ಕೊರಳಿಗೇ ಹಾಕಿ ಕೈಚೆಲ್ಲಿ ಕೂತರು.

ವಾರವಾದರೂ ಇದೇ ಕತೆ. ಕೊನೆಗೆ ಅವ್ವ ಹೇಳಿದಳು: "ಅವನ ಉಸಿರಿಂದೇನೂ ತ್ರಾಸಿಲ್ಲ. ಬಾಯಿದ ತ್ರಾಸು." ಮೇಲೆ ಹೋಗಿ ದೇವರ ಮುಂದಿನ ಬಟ್ಟಲಿನಿಂದ ಒಂದು ದೊಡ್ಡ ಕಲ್ಲುಸಕ್ಕರೆ ತಂದು ಅವನ ಕೈಗೆ ಕೊಟ್ಟಳು. "ದವಡ್ಯಾಗ ಇಟ್ಕೋ. ಇದು ಕರಗೂ ತನಕ ಬಾಯಿ ತಗೀಬ್ಯಾಡ. ಯಾರು ಬರಲಿ, ಆಕಾಶನ ಬೀಳಲಿ."

ಅವನು ಇಟ್ಟುಕೊಂಡ. ಕೆನ್ನೆ ಉಬ್ಬಿತು, ಎದೆ ಉಬ್ಬಿತು. ಸೆಕ್ರೆಟರಿ ಟೇಪು ಓದಿದರು, ಖುಷಿಗೆ ಎರಡನೆಯ ಸಲವೂ ಓದಿದರು. ಆ ಹೊತ್ತಿನಲ್ಲಿ ಎದುರು ಕಟ್ಟಡದ ವಾಚ್‌ಮನ್ ಬಂದು ಕ್ಷೇಮ ಕೇಳಿದರೂ ಇವನು ಬರೀ ಕಣ್ಣು ಹೊರಳಿಸಿದ. ಆ ಮನುಷ್ಯ ಇವನಿಗೇನೋ ಲಕ್ವ ಹೊಡೆದಿದೆ ಎಂದು ಗಾಬರಿಯಾಗಿ ಓಡಿಬಂದು ಹಿಡಿದುಕೊಂಡ.

ಪರೀಕ್ಷೆಯ ದಿನ ಸೆಕ್ರೆಟರಿಯೂ ನಾನೂ ಜೊತೆಗೆ ಹೋಗಿದ್ದೆವು. ಸಾಲಿನಲ್ಲಿ ನಿಂತವರೊಂದಿಗೆ ಇವನು ಬೆಳಿಗ್ಗೆಯಿಂದ ಮಾತಾಡಿದ್ದೇ ಮಾತಾಡಿದ್ದು. ಸರದಿ ಬಂದಾಗ ಜೇಬಿನಿಂದ ಕಲ್ಲುಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡು ಮುಂದೆ ಹೋದ. ಅಳೆಯುವವರು ಉಬ್ಬಿದ ಕೆನ್ನೆ ನೋಡಿ ಮರಾಠಿಯಲ್ಲಿ, "ದಾತ್ ದುಖ್ತೋಯ್ ಕಾ?" ಎಂದು ಕೇಳಿದರು. ಹಲ್ಲುನೋವೇ ಎಂದರ್ಥ. ಇವನು ಹೌದೆಂದು ತಲೆಯಾಡಿಸಿದ. ಪಾಸಾಗಿ ಹೊರಗೆ ಬಂದವನು ಮೊದಲು ನಮ್ಮನ್ನೇ ತರಾಟೆಗೆ ತೆಗೆದುಕೊಂಡ. "ಹಲ್ಲು ಗಟ್ಟಿ ಅದಾವ್ರಿ ನನ್ನವು. ಸರಕಾರದ ಮುಂದ ಸುಳ್ಳ ಹೇಳಿಸಿದ್ರಲ್ರಿ!"

ಸೊಸೈಟಿಯಲ್ಲಿ ಪೇಢೆ ಹಂಚಿದೆವು. ಅವ್ವ ಆ ದಿನ ಮೆಂತ್ಯದ ಬದಲು ಹೋಳಿಗೆ ಹಿಡಿದು ಕೆಳಗಿಳಿದಳು. ಅವನು ಹೊಸ ಸವಲತ್ತುಗಳನ್ನು ವಿವರಿಸುತ್ತಿದ್ದ. ಭವಿಷ್ಯನಿಧಿ, ಆಸ್ಪತ್ರೆಯ ಕಾರ್ಡು, ಎರಡು ಜೊತೆ ಸಮವಸ್ತ್ರ. "ರಜಾ ಬ್ಯಾರೆ ಕೊಡ್ತಾರಂತ್ರಿ ಅವ್ವಾರ. ರಜಾಕ್ಕ ಪಗಾರ! ಏನೂ ಕೆಲಸ ಮಾಡದ ಸುಮ್ಮ ಕುಂತ್ರೂ ಪಗಾರ!"

"ಈಗರೆ ಏನ್ ಮಾಡಾಕತ್ತಿ ಮತ್ತ?" ಎಂದಳು ಅವ್ವ.

ಸ್ಕೂಟರಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಸೆಕ್ರೆಟರಿಗೂ ನಮಗೂ ತಿಳಿದದ್ದು ನೇಮಕದ ಆದೇಶ ಬಂದಾಗ. ಅವನನ್ನು ಹಾಕಿದ್ದು ಠಾಣೆ ಶಹರದ ಘೋಡಬಂದರ್ ರಸ್ತೆಯಲ್ಲಿ, ಔಷಧಿಯ ಒಂದು ದೊಡ್ಡ ಗೋದಾಮಿಗೆ. ನಮ್ಮ ಸೊಸೈಟಿಗೆ ಕಳಿಸಿದ್ದು ಈಗಿರುವ ಕುಂದಿಲ್ಲದ ಮನುಷ್ಯನನ್ನು. ಸೆಕ್ರೆಟರಿ ನನ್ನನ್ನೂ ಎಳೆದುಕೊಂಡು ಮಂಡಳಿಯ ಕಚೇರಿಗೆ ಧಾವಿಸಿದರು. ಏನೋ ಅದಲುಬದಲಾಗಿದೆ, ನಾವು ಕೊಟ್ಟ ಮನುಷ್ಯನನ್ನು ನಮಗೇ ಕೊಡಿ ಎಂದು ಕೇಳಿದರು. ಲಾಂಡ್ರಿಯಲ್ಲಿ ಅಂಗಿ ಕೇಳಿದ ಹಾಗಿತ್ತು. ಅಲ್ಲಿನ ಅಧಿಕಾರಿ ಸಾವಧಾನದ ಮನುಷ್ಯ. ಹೆಸರು ಒಮ್ಮೆ ನೋಂದಾಯಿತೆಂದರೆ ಯಾವ ಗೇಟಿಗೆ ಯಾರು ಎಂಬುದನ್ನು ಮಂಡಳಿಯೇ ತೀರ್ಮಾನಿಸುತ್ತದೆ, ಎಲ್ಲಿ ಜಾಗ ಖಾಲಿಯೋ ಅಲ್ಲಿಗೆ, ಎಂದು ಬಿಡಿಸಿ ಹೇಳಿದರು.

"ಅವನು ನಮ್ಮ ಜನ ಸಾರ್," ಎಂದರು ಸೆಕ್ರೆಟರಿ, ಸೋತ ದನಿಯಲ್ಲಿ.

ಅಧಿಕಾರಿ ನಕ್ಕರು. ಈಗ ಅವನು ಯಾರ ಜನವೂ ಅಲ್ಲ, ಯಾರೂ ಅವನ ಕೈಯಲ್ಲಿ ಮನೆಗೆಲಸ ಮಾಡಿಸಬಾರದು, ಮನಸ್ಸು ಬಂದಾಗ ತೆಗೆದು ಹಾಕಬಾರದು, ಕಾಯ್ದೆ ಇರುವುದೇ ಅದಕ್ಕೆ ಎಂದರು. ನನಗೆ ಆ ಮೆಂತ್ಯದ ಕಟ್ಟು ಕಣ್ಣಿಗೆ ಕಟ್ಟಿತು. ಅವರ ಮಾತು ಸರಿಯಾಗಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಅಂದ್ರ ನಾವ ಅವಗ ಎದಿ ಉಬ್ಬಸೂದು ಕಲಿಸಿ, ನಾವ ಹೊರಗ ಹಾಕಿದಂಗಾತು," ಎಂದಳು. ಬಿಟ್ಟು ಹೋಗುವ ದಿನ ಅವನು ಮನೆ ಮನೆಗೂ ಹೇಳಿ ಹೋದ. ನಮ್ಮ ಬಾಗಿಲಲ್ಲಿ ನಿಂತಾಗ ಮಾತ್ರ ಅವನಿಗೆ ಮಾತು ಬರಲಿಲ್ಲ. ಬಾಯಲ್ಲಿ ಏನೂ ಇರಲಿಲ್ಲ, ನಾನು ನೋಡಿದೆ.

ಮೊದಮೊದಲು ಅವ್ವನಿಗೆ ಫೋನು ಮಾಡುತ್ತಿದ್ದ. ಬರಬರುತ್ತ ಕಡಿಮೆಯಾಯಿತು. ಡ್ಯೂಟಿಯಲ್ಲಿ ಮೊಬೈಲು ಮುಟ್ಟುವ ಹಾಗಿಲ್ಲವಂತೆ. ಅವ್ವ ಕೆಳಗಿಳಿಯುವುದನ್ನು ಬಿಟ್ಟಳು. ಒಂದು ಸಲ ಇಳಿದು ಹೊಸಬನ ಮುಂದೆ ಸೊಪ್ಪು ಹಿಡಿದು ನಿಂತಿದ್ದಳು. ಅವನು ಸೆಲ್ಯೂಟ್ ಹೊಡೆದು ಲಿಫ್ಟಿನ ದಾರಿ ತೋರಿಸಿದ. ಅಂದಿನಿಂದ ಮೆಂತ್ಯವನ್ನು ಅಡುಗೆಮನೆಯಲ್ಲೇ ಬಿಡಿಸುತ್ತಾಳೆ, ಬಾಯಿ ಬಿಗಿದುಕೊಂಡು. "ಸರಕಾರಿ ಮನಷ್ಯಾ ಆಗ್ಯಾನ. ನಾವ್ಯಾಕ ನೆನಪಾಗ್ತೀವಿ ಅವಗ?" ಎಂದು ಆಗೀಗ ಗೋಡೆಗೆ ಹೇಳುತ್ತಾಳೆ. ಅವಳು ಸೊರಗುತ್ತಿದ್ದಳು, ನಮಗೆ ಅದು ಕಾಣುತ್ತಿತ್ತು. ಡಾಕ್ಟರು ಶಕ್ತಿಗೆ ಔಷಧಿ ಬರೆದುಕೊಟ್ಟರು.

ಲಿಫ್ಟಿನಲ್ಲಿ ಇದೆಲ್ಲ ನೆನಪಾದದ್ದು ಮೊನ್ನೆ. ಮೇಲೆ ಹೋಗಿ ಕೊತ್ತಂಬರಿ ಇಟ್ಟವನೇ, "ಅವ್ವ, ಸೀರಿ ಉಡು, ಘೋಡಬಂದರಿಗೆ ಹೋಗೂಣು," ಎಂದೆ. ಅವಳು ಯಾಕೆಂದು ಕೇಳಲಿಲ್ಲ. "ಅವಗ ನನ್ನ ಗುರುತರ ಸಿಗ್ತದೋ ಇಲ್ಲೋ," ಎಂದು ಮಾತ್ರ ಅಂದು, ದೇವರ ಮುಂದಿನ ಬಟ್ಟಲಿಗೆ ಕೈ ಹಾಕಿ ಏನನ್ನೋ ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿಕೊಂಡಳು. ಠಾಣೆಯ ತನಕ ಲೋಕಲ್, ಅಲ್ಲಿಂದ ರಿಕ್ಷಾ. ಗೋದಾಮಿನ ಗೇಟು ನಮ್ಮ ಇಡೀ ಕಟ್ಟಡಕ್ಕಿಂತ ಅಗಲವಾಗಿತ್ತು.

ಅವನನ್ನು ನಾನು ಗುರುತಿಸಿದ್ದು ಮೀಸೆಯಿಂದ. ನೀಲಿ ಸಮವಸ್ತ್ರ, ಟೋಪಿ, ಕೈಯಲ್ಲಿ ಲಾಠಿ, ಟವೆಲು ಇಲ್ಲದ ಹೆಗಲು. ಎದೆಯ ಮೇಲಿನ ಬಿಲ್ಲೆಯಲ್ಲಿ ಅವನ ಪೂರ್ತಿ ಹೆಸರಿತ್ತು. ಅವ್ವ ಕರೆದ 'ತಮ್ಮ' ಎಂಬ ಹೆಸರೇ ನನಗೆ ಸಾಕು, ಬಿಲ್ಲೆಯದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದಲ್ಲಿ ವಾಕಿಟಾಕಿ ಹಿಡಿದ ಮೇಲ್ವಿಚಾರಕ ನಿಂತಿದ್ದ. ಒಂದರ ಹಿಂದೆ ಒಂದು ಲಾರಿಗಳು ಬರುತ್ತಿದ್ದವು. ಇವನು ಪ್ರತಿ ಲಾರಿಯನ್ನೂ ಕೈ ಅಡ್ಡ ಹಿಡಿದು ತಡೆಯುತ್ತಿದ್ದ! ಡ್ರೈವರ್ ಕೊಟ್ಟ ಕಾಗದ ನೋಡಿ, ಒಂದು ಮಾತೂ ಆಡದೆ, ಲಾಠಿಯಿಂದ ಒಳಗೆ ತೋರಿಸುತ್ತಿದ್ದ. ನಾವು ರಸ್ತೆ ದಾಟಿ ಎದುರಿಗೆ ಹೋಗಿ ನಿಂತೆವು. ಅವನು ನಮ್ಮನ್ನು ನೋಡಿದ. ನೋಡಿದ್ದು ನಿಜ, ಕಣ್ಣು ಅಲ್ಲೇ ನಿಂತಿತು. ಆದರೆ ಎದೆ ಉಬ್ಬಿಸಿಕೊಂಡು ಹಾಗೇ ನಿಂತಿದ್ದ, ತುಟಿ ಬಿಚ್ಚಲಿಲ್ಲ.

"ನಡಿ, ಹೋಗೂಣು," ಎಂದಳು ಅವ್ವ. "ನಾ ಹೇಳಿರಲಿಲ್ಲ?"

ಏನು ಮಾಡಲಿ ಎಂದು ನಾನು ಯೋಚಿಸುವಷ್ಟರಲ್ಲಿ ಒಳಗಿನಿಂದ ಇನ್ನೊಬ್ಬ ಕಾವಲುಗಾರ ಬಂದ. ಇಬ್ಬರೂ ಸೆಲ್ಯೂಟ್ ಹೊಡೆದುಕೊಂಡರು. ಲಾಠಿ ಕೈ ಬದಲಾಯಿಸಿತು. ನಮ್ಮವನು ಗೇಟಿನ ಗೆರೆ ದಾಟಿ ಎರಡು ಹೆಜ್ಜೆ ಹೊರಗೆ ಬಂದ. ಆಮೇಲೆ ಅವನ ಬಾಯಿಯಿಂದ ಕಟಕಟ ಕಟಕಟ ಎಂದು ಏನನ್ನೋ ಅಗಿಯುವ ಸದ್ದು ಬಂತು. ಗಬಕ್ಕನೆ ನುಂಗಿದ.

"ಅವ್ವಾರ! ಊಟಾ ಆತೇನ್ರಿ? ಯಾವಾಗ ಬಂದ್ರಿ? ಹ್ಯಾಂಗ ಬಂದ್ರಿ? ಮಣಕಾಲು ಹ್ಯಾಂಗದಾವ್ರಿ? ನನಗೀಗ ಊಟದ ಸುಟ್ಟಿ ರೀ, ಕಾಯ್ದೆ ಪ್ರಕಾರ, ಕುಂಡರೂಣು ಬರ್ರಿ."

ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. "ಬಾಯಾಗ ಏನಿತ್ತೋ ಅದು?"

"ನೀವ ಕೊಟ್ಟಿದ್ದ ವಿದ್ಯಾರಿ. ಇಲ್ಲಿ ಗೇಟಿನ್ಯಾಗ ಮಾತಾಡಿದ್ರ ಬೈತಾರ್ರಿ. ಅದಕ್ಕ ಡ್ಯೂಟಿ ಮುಗಿಯೂ ತನಕ ಒಂದಾದ ಮ್ಯಾಲ ಒಂದು ಕಲ್ಲಸಕ್ರಿ ದವಡ್ಯಾಗ ಇಟ್ಕೋತೀನ್ರಿ."

"ಕರಗೂ ತನಕ ಬಾಯಿ ತಗೀಬ್ಯಾಡ ಅಂದಿದ್ನೆಲ್ಲ?"

"ನಿಮ್ಮನ್ನ ನೋಡಿದ ಮ್ಯಾಲ ಕರಗೂ ತನಕ ಯಾರ ಕಾಯ್ತಾರ್ರಿ, ಅವ್ವಾರ?"

ಮರದ ಕೆಳಗಿನ ಕಟ್ಟೆಯ ಮೇಲೆ ಟೋಪಿಯಿಂದಲೇ ಧೂಳು ಹೊಡೆದು ಅವಳಿಗೆ ಜಾಗ ಮಾಡಿದ. ತಾನು ಕೆಳಗೆ ಕೂತ. ಅವ್ವ ಚೀಲದಿಂದ ಆ ಪೊಟ್ಟಣ ಹೊರಗೆ ತೆಗೆದಳು. ಕಲ್ಲುಸಕ್ಕರೆಯೇ. ಅವನು ಕೈ ಒಡ್ಡಿದ. ಅವಳು ಒಮ್ಮೆ ಅವನನ್ನು, ಒಮ್ಮೆ ಪೊಟ್ಟಣವನ್ನು ನೋಡಿ, ಅದನ್ನು ತಿರುಗಿ ಚೀಲದೊಳಗೆ ಇಟ್ಟುಕೊಂಡಳು.

"ಇದನ್ನ ನಾ ಹೋಗೂ ಮುಂದ ಕೊಡ್ತೀನಿ," ಎಂದಳು.